ಮಂದೆ ಕಾಯುವ ಕಣ್ಣು, ವಾರ್ಡ್ ಕಾಯುವ ಕಣ್ಣು

ಬೆಳಗಿನ ಜಾವ ನಾಲ್ಕೂವರೆ. ಮಂಡ್ಯ ಸೀಮೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ನರ್ಸ್ ಆಗಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಆಲೆಮನೆಯಲ್ಲಿ ಕೆಲಸ ಮಾಡುವ ಒಬ್ಬ ಆಳನ್ನು ಇಬ್ಬರು ಬೈಕಿನ ನಡುವೆ ಕೂರಿಸಿಕೊಂಡು ತಂದರು. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಹೊಟ್ಟೆ ಹಿಡಿದುಕೊಂಡು ಮುದುರಿಕೊಂಡಿದ್ದ.

"ಹೊಟ್ಟೆನೋವು ಸಿಸ್ಟರೇ. ರಾತ್ರಿ ಬಾಡೂಟ ಆಗಿತ್ತು. ಜಾಸ್ತಿ ತಿಂದವ್ನೆ. ಒಂದು ಇಂಜೆಕ್ಷನ್ ಕೊಟ್ಬುಡಿ, ಕರ್ಕೊಂಡೋಯ್ತೀವಿ" ಎಂದರು ಜೊತೆಗಿದ್ದವರು.

ಜ್ವರವಿಲ್ಲ. ನಾಡಿ ಸರಿಯಿತ್ತು, ಬಿಪಿ ಸರಿಯಿತ್ತು. ಗ್ಯಾಸ್ಟ್ರಿಕ್ ಎಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿತ್ತು. ಅಷ್ಟರಲ್ಲಿ ನಾವು ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ನರ್ಸ್ ಬಂದು ಅವನ ಮುಖ ನೋಡಿದರು. ಕಣ್ಣು ಅರ್ಧ ಮುಚ್ಚಿತ್ತು. ನಿದ್ದೆಗಣ್ಣು ಅಂತ ನಾನಂದುಕೊಂಡಿದ್ದೆ. ಅಕ್ಕ ಕೇಳಿದ್ದು ಒಂದೇ ಮಾತು: "ರಾತ್ರಿ ಎಲ್ಲಿ ಮನಗಿದ್ದೆ ತಮ್ಮ?"

"ಆಲೆಮನೇಲೇ ಕಣಕ್ಕ. ನೆಲದ ಮ್ಯಾಲೆ." ಮಾತು ಮೂಗಿನಲ್ಲಿ ಬರುತ್ತಿತ್ತು.

"ಮೇಲಕ್ಕೆ ನೋಡು." ರೆಪ್ಪೆ ಏಳಲಿಲ್ಲ. "ತಲೆ ಎತ್ತು." ದಿಂಬಿನಿಂದ ತಲೆ ಏಳಲಿಲ್ಲ. "ಒಂದೇ ಉಸಿರಲ್ಲಿ ಒಂದು, ಎರಡು ಎಣಿಸು." ಒಂಬತ್ತಕ್ಕೆ ಉಸಿರು ಮುಗಿಯಿತು.

ಅಕ್ಕ ನನ್ನ ಕಡೆ ತಿರುಗಿ, "ಕಟ್ಟುಹಾವು. ಡಾಕ್ಟರನ್ನ ಕರಿ. ಆಂಬು ಬ್ಯಾಗ್ ತಂದು ಇವನ ತಲೆದೆಸೆಯಲ್ಲಿಡು" ಅಂದರು. ಉಸಿರು ಸೋತರೆ ಕೈಯಿಂದ ಒತ್ತಿ ಗಾಳಿ ಕೊಡುವ ಚೀಲ ಅದು. ಕಾಲು ಕೈ ಎಲ್ಲ ಹುಡುಕಿದೆವು. ಕಚ್ಚಿದ ಗುರುತು ಕಾಣಲಿಲ್ಲ. ಬಾವಿಲ್ಲ, ರಕ್ತವಿಲ್ಲ. ಕಟ್ಟುಹಾವಿನ ಕಡಿತವೇ ಹಾಗೆ. ಅದು ರಾತ್ರಿ ಹೊತ್ತು, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವು ಹೆಚ್ಚಿರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಬರುತ್ತದೆ, ಆಮೇಲೆ ರೆಪ್ಪೆ ಇಳಿಬೀಳುತ್ತದೆ, ನುಂಗಲು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಕಳಿಸಿದ್ದರೆ ಅವನು ಊರು ಸೇರುತ್ತಿರಲಿಲ್ಲ.

ಅವನಿಗೆ ವಿಷನಿರೋಧಕ ಸೀರಮ್ ಹಾಕಿ, ಉಸಿರಿನ ಮೇಲೆ ಕಣ್ಣಿಟ್ಟು, ಜೊತೆಯಲ್ಲಿ ಒಬ್ಬರು ಕೂತು ಜಿಲ್ಲಾ ಆಸ್ಪತ್ರೆಗೆ ಸಾಗಿಸಿದೆವು. ಆ ದಿನದಿಂದ ಇವತ್ತಿನವರೆಗೆ, ನರ್ಸಿಂಗ್ ಮಕ್ಕಳಿಗೆ ಪಾಠ ಮಾಡಲು ನಿಂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅಕ್ಕನ ಆ ಪ್ರಶ್ನೆ. ಅವರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ನೋಡಿದರು, ಕೇಳಿದರು, ಕಂಡದ್ದನ್ನು ಒಂದಕ್ಕೊಂದು ಹೊಂದಿಸಿದರು.

ಮೆಲುಕು ಹಾಕದ ಕುರಿ

ನಮ್ಮದು ಬಂಡೂರು ಸೀಮೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಹೆಸರನ್ನು ನಾಡಿಗೆಲ್ಲ ಗೊತ್ತು ಮಾಡಿದ್ದು ಅಲ್ಲಿನ ಕುರಿ. ಗಿಡ್ಡ ಕಾಲು, ದುಂಡನೆ ಮೈ, ಕೊಂಬಿಲ್ಲದ ತಲೆ, ಬಿಳಿ ತುಪ್ಪಳ, ಕೆಲವಕ್ಕೆ ಕಂದು ಮುಖ. ಮಂಡ್ಯ ಕುರಿ, ಬನ್ನೂರು ಕುರಿ ಎಂದೂ ಕರೆಯುತ್ತಾರೆ. ಮಾಂಸದ ರುಚಿಗೆ ಇದಕ್ಕೆ ಸಾಟಿಯಿಲ್ಲ ಎನ್ನುವುದು ಬಾಡೂಟ ಬಲ್ಲವರ ಮಾತು.

ನಮ್ಮ ತಾತನ ಹಟ್ಟಿಯಲ್ಲಿ ಇಪ್ಪತ್ತು ಚಿಲ್ಲರೆ ಕುರಿಗಳಿದ್ದವು. ಸಂಜೆ ಮಂದೆ ಮನೆಗೆ ಬಂದ ಮೇಲೆ ಅವರು ಜಗುಲಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ಸುಮ್ಮನೆ ಎಂದು ನಮಗೆ ಕಾಣುತ್ತಿತ್ತು, ಅಷ್ಟೆ. ಹತ್ತು ನಿಮಿಷ ಕಳೆದ ಮೇಲೆ, "ಆ ಕಂದುಮೊಗದ್ದು ಮೆಲುಕು ಹಾಕ್ತಿಲ್ಲ, ಬೇರೆ ಕಟ್ಟು" ಅನ್ನುತ್ತಿದ್ದರು. ನಮ್ಮ ಕಣ್ಣಿಗೆ ಇಪ್ಪತ್ತೂ ಒಂದೇ ಥರ. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಕುರಿ ತಲೆ ಬಗ್ಗಿಸಿ ನಿಂತಿರುತ್ತಿತ್ತು.

ತಾತನಿಗೆ ರೋಗದ ಹೆಸರು ಗೊತ್ತಿರಲಿಲ್ಲ. ಚೆನ್ನಾಗಿರುವ ಕುರಿ ಹೇಗಿರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಚೂರು ವ್ಯತ್ಯಾಸವಾದರೂ ಕಣ್ಣಿಗೆ ಬೀಳುತ್ತಿತ್ತು. ನರ್ಸಿಂಗ್ ವಿದ್ಯೆಯ ಬೇರು ಇರುವುದೂ ಇಲ್ಲೇ. ಉಸಿರು ನಿಮಿಷಕ್ಕೆ 12ರಿಂದ 20, ನಾಡಿ 60ರಿಂದ 100, ಗಂಟೆಗೆ ಕನಿಷ್ಠ 30 ಎಂ.ಎಲ್. ಮೂತ್ರ ಎಂದು ಮೊದಲ ವರ್ಷದಲ್ಲಿ ಬಾಯಿಪಾಠ ಮಾಡಿಸುತ್ತೇವಲ್ಲ, ಅದು ಆರೋಗ್ಯವಂತನ ಗುರುತು. ಆ ಗುರುತು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದ್ದರೆ ಮಾತ್ರ ತಪ್ಪಿದ್ದು ಕಾಣುತ್ತದೆ.

ಪರೀಕ್ಷೆ ಕೇಳುವುದೇನು?

ನಮ್ಮಲ್ಲಿ ನರ್ಸ್ ಆಗಲು ಎರಡು ಮುಖ್ಯ ದಾರಿ. ಮೂರು ವರ್ಷದ ಜಿಎನ್ಎಂ ಡಿಪ್ಲೊಮಾ, ಇಲ್ಲವೇ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಪಾಸಾದವರು ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಆಗಲೇ ಹೆಸರಿನ ಮುಂದೆ ನೋಂದಾಯಿತ ನರ್ಸ್ ಎಂದು ಬರೆದುಕೊಳ್ಳುವ ಹಕ್ಕು. ಕೋರ್ಸಿನ ಪರೀಕ್ಷೆ ಪಾಸಾದರೆ ನೋಂದಣಿ ಸಿಗುತ್ತದೆ, ನೋಂದಣಿಗೆಂದೇ ಬೇರೆ ಪರೀಕ್ಷೆ ಬರೆಯುವ ಪದ್ಧತಿ ನಮ್ಮಲ್ಲಿ ಇಲ್ಲ.

ಏಮ್ಸ್ ಆಸ್ಪತ್ರೆಗಳ ಕೆಲಸಕ್ಕೆ 2020ರಿಂದ ನಾರ್ಸೆಟ್ ಎಂಬ ಅಖಿಲ ಭಾರತ ಪರೀಕ್ಷೆ ಇದೆ. ಈಗ ಅದು ಪ್ರಿಲಿಮ್ಸ್, ಮೇನ್ಸ್ ಎಂದು ಎರಡು ಹಂತದಲ್ಲಿ ನಡೆಯುತ್ತದೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೆಯುತ್ತಾರೆ. ಅಮೆರಿಕಕ್ಕೆ ಹೋಗುವವರಿಗೆ ಎನ್‌ಕ್ಲೆಕ್ಸ್. ಅದನ್ನು ಬೆಂಗಳೂರಿನಲ್ಲೇ ಕೂತು ಬರೆಯಬಹುದು. ಕೊಲ್ಲಿ ದೇಶಗಳಿಗೆ, ಬ್ರಿಟನ್ನಿಗೆ ಬೇರೆ ಬೇರೆ ಪರೀಕ್ಷೆಗಳಿವೆ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಬಂದ ಮಕ್ಕಳು ಹಾಸ್ಟೆಲಿನ ಟ್ಯೂಬ್‌ಲೈಟಿನ ಕೆಳಗೆ ಈ ಪರೀಕ್ಷೆಗಳಿಗೆ ಓದುವುದನ್ನು ನಾನು ನೋಡುತ್ತಲೇ ಇದ್ದೇನೆ.

ಎನ್‌ಕ್ಲೆಕ್ಸ್‌ನ ರೀತಿ ತಿಳಿದುಕೊಳ್ಳುವಂಥದ್ದು. 1994ರಿಂದ ಅದು ಕಂಪ್ಯೂಟರಿನ ಮೇಲೆ ನಡೆಯುತ್ತಿದೆ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕೊಂಚ ಕಠಿಣ, ತಪ್ಪಾದರೆ ಕೊಂಚ ಸುಲಭ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ ಸಮಯ. ಈ ಅಭ್ಯರ್ಥಿ ಗೆರೆಯ ಮೇಲಿದ್ದಾರೋ ಕೆಳಗಿದ್ದಾರೋ ಎಂಬುದು ಶೇ 95ರಷ್ಟು ಖಚಿತವಾದ ಕೂಡಲೇ ಕಂಪ್ಯೂಟರ್ ಪರೀಕ್ಷೆ ನಿಲ್ಲಿಸುತ್ತದೆ.

2023ರ ಏಪ್ರಿಲ್‌ನಲ್ಲಿ ಅದರ ರೂಪ ಬದಲಾಯಿತು. ಹೊಸ ನರ್ಸುಗಳಿಗೆ ವಿಷಯ ಗೊತ್ತಿದ್ದರೂ ರೋಗಿಯ ಮುಂದೆ ನಿಂತಾಗ ತೀರ್ಮಾನ ತೆಗೆದುಕೊಳ್ಳಲು ಬರುತ್ತಿಲ್ಲ ಎಂಬುದು ಕಾರಣ. ಈಗ ಒಬ್ಬ ರೋಗಿಯ ಪೂರ್ತಿ ಕತೆ ಕೊಟ್ಟು ಆರು ಮೆಟ್ಟಿಲಲ್ಲಿ ಪ್ರಶ್ನೆ ಕೇಳುತ್ತಾರೆ: ಯಾವ ಸುಳಿವುಗಳು ಮುಖ್ಯ? ಅವುಗಳ ಅರ್ಥವೇನು? ಇರಬಹುದಾದ ತೊಂದರೆಗಳಲ್ಲಿ ಯಾವುದು ಮೊದಲು? ಏನೇನು ಮಾಡಬಹುದು? ಈಗ ಯಾವುದನ್ನು ಮಾಡುತ್ತೀರಿ? ಮಾಡಿದ್ದು ಫಲ ಕೊಟ್ಟಿತೇ?

ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ತಾತನ ಜಗುಲಿ. ಮೆಲುಕು ನಿಂತದ್ದು ಸುಳಿವು. ಬೇರೆ ಕಟ್ಟಿಸಿದ್ದು ಕ್ರಮ. ಬೆಳಿಗ್ಗೆ ಎದ್ದು ಮತ್ತೆ ನೋಡಿದ್ದು ಫಲದ ಪರಿಶೀಲನೆ. ಅಮೆರಿಕದ ಪರೀಕ್ಷಾ ಮಂಡಳಿ ಹೊಸದಾಗಿ ಕೇಳುತ್ತಿರುವುದು ನಮ್ಮ ಸೀಮೆಯ ಕುರಿ ಕಾಯುವವರು ದಿನಾ ಸಂಜೆ ಮಾಡುತ್ತಿದ್ದ ಕೆಲಸವನ್ನೇ.

ಅರಚುವವನಿಗೆ ಉಸಿರಿದೆ

ಎಲ್ಲ ನರ್ಸಿಂಗ್ ಪರೀಕ್ಷೆಗಳಲ್ಲೂ ತಪ್ಪದೆ ಬರುವ ಪ್ರಶ್ನೆ ಒಂದಿದೆ: ನಾಲ್ಕು ರೋಗಿಗಳಿದ್ದಾರೆ, ಮೊದಲು ಯಾರನ್ನು ನೋಡುತ್ತೀರಿ? ನಮ್ಮ ಆಸ್ಪತ್ರೆಯ ರಾತ್ರಿಯನ್ನೇ ಇಟ್ಟುಕೊಂಡು ನಾನು ಮಕ್ಕಳಿಗೆ ಇದನ್ನು ಕೇಳುತ್ತೇನೆ.

ಒಂದನೇ ಹಾಸಿಗೆಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದವನು ವಾರ್ಡ್ ಎದ್ದು ಕೂರುವ ಹಾಗೆ ಕೂಗುತ್ತಿದ್ದಾನೆ. ಎರಡನೆಯದರಲ್ಲಿ 102 ಡಿಗ್ರಿ ಜ್ವರದ ಹುಡುಗಿ. ಮೂರನೆಯದರಲ್ಲಿ ಡ್ರಿಪ್ ಮುಗಿಯುತ್ತಾ ಬಂದ ವಾಂತಿಭೇದಿಯ ಅಜ್ಜಿ. ನಾಲ್ಕನೆಯದರಲ್ಲಿ ಸಕ್ಕರೆ ಕಾಯಿಲೆಯ ಯಜಮಾನರು. ಸಂಜೆ ಇನ್ಸುಲಿನ್ ಆಗಿದೆ, "ಮುದ್ದೆ ಸೇರಲಿಲ್ಲ" ಎಂದು ಊಟ ಬಿಟ್ಟಿದ್ದಾರೆ. ಈಗ ಬೆವರುತ್ತಾ, ಮಗನ ಹೆಸರನ್ನು ತಪ್ಪು ತಪ್ಪಾಗಿ ಕರೆಯುತ್ತಾ ಸುಮ್ಮನೆ ಮಲಗಿದ್ದಾರೆ.

ಹೊಸಬರ ಕಾಲು ಕೂಗುವವನ ಕಡೆ ಓಡುತ್ತದೆ. ಅದು ಮನುಷ್ಯಸಹಜ. ಅರಚುವವನಿಗೆ ಉಸಿರಿದೆ, ಶ್ವಾಸದ ದಾರಿ ತೆರೆದಿದೆ, ಪ್ರಜ್ಞೆ ಇದೆ ಎಂಬುದನ್ನು ಆ ಅರಚಾಟವೇ ಹೇಳುತ್ತದೆ. ಮೊದಲು ಹೋಗಬೇಕಾದದ್ದು ನಾಲ್ಕನೆಯವರ ಹತ್ತಿರ. ಮಿದುಳಿಗೆ ಸಕ್ಕರೆ ಬಿಟ್ಟರೆ ಗತಿಯಿಲ್ಲ, ಅದು ಮುಗಿಯುತ್ತಾ ಬಂದಿದೆ. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದು, ಅವರು ಎಚ್ಚರವಾಗಿ ನುಂಗುವಂತಿದ್ದರೆ 15 ಗ್ರಾಂ ಸಕ್ಕರೆ ಕೊಡಬೇಕು. ಮೂರು ಚಮಚ. ಮಂಡ್ಯದಲ್ಲಿ ಅಷ್ಟು ತೂಕದ ಬೆಲ್ಲ ನೀರಿನಲ್ಲಿ ಕದಡಿ ಕೊಟ್ಟರೂ ಆದೀತು. ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ತೊಟ್ಟು ನೀರನ್ನೂ ಹಾಕುವಂತಿಲ್ಲ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಗ ರಕ್ತನಾಳದ ಮೂಲಕ ಡೆಕ್ಸ್‌ಟ್ರೋಸ್.

"ಮೊದಲು ಶ್ವಾಸದ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ" ಎಂಬ ಸೂತ್ರ ಎಲ್ಲ ಮಕ್ಕಳಿಗೂ ಬಾಯಲ್ಲಿದೆ. ಆದರೆ ಸೂತ್ರದ ಹಿಂದಿನ ಕಾರಣ ತಿಳಿಯದಿದ್ದರೆ ಪ್ರಶ್ನೆ ಚೂರು ಹೊರಳಿದರೂ ಉತ್ತರ ಜಾರುತ್ತದೆ. ಹೆರಿಗೆ ವಾರ್ಡಿನ ಉದಾಹರಣೆ ನೋಡಿ. ಹೆರಿಗೆಯಾದ ಒಂದು ಗಂಟೆಗೆ ಬಾಣಂತಿಯ ಹೊಟ್ಟೆ ಮುಟ್ಟಿದಾಗ ಗರ್ಭಕೋಶ ಮೆತ್ತಗೆ ಸಿಕ್ಕಿದರೆ ಮೊದಲು ಮಾಡಬೇಕಾದದ್ದು ಕೈಯಿಂದ ಒತ್ತಿ ತಿಕ್ಕುವುದು. ಅದು ಕ್ರಿಕೆಟ್ ಚೆಂಡಿನ ಹಾಗೆ ಗಟ್ಟಿಯಾಗುವವರೆಗೂ ರಕ್ತ ನಿಲ್ಲುವುದಿಲ್ಲ. ಗರ್ಭಕೋಶ ಗಟ್ಟಿಯಾಗಿಯೇ ಇದೆ, ಆದರೆ ಹೊಕ್ಕುಳಿಗಿಂತ ಮೇಲೆ ಬಲಕ್ಕೆ ವಾಲಿದೆ ಎಂದರೆ ಉತ್ತರ ಬೇರೆ. ಮೂತ್ರಕೋಶ ತುಂಬಿ ಅದನ್ನು ಪಕ್ಕಕ್ಕೆ ತಳ್ಳಿದೆ. ಮೊದಲು ಮೂತ್ರ ಮಾಡಿಸಬೇಕು. ಇಬ್ಬರೂ ಒಂದೇ ವಾರ್ಡಿನ ಬಾಣಂತಿಯರು. ಮುಟ್ಟಿ ನೋಡಿದ ಕೈಗೆ ಮಾತ್ರ ವ್ಯತ್ಯಾಸ ಗೊತ್ತು.

ಗಾಜಿನ ಟ್ಯೂಬು, ಇಪ್ಪತ್ತು ನಿಮಿಷ

ಮಕ್ಕಳು ಓದುವ ಪ್ರಶ್ನೆಸಂಗ್ರಹಗಳಲ್ಲಿ ಹಿಮಪಾತದಲ್ಲಿ ಸಿಕ್ಕಿ ಬೆರಳು ಮರಗಟ್ಟಿದ ರೋಗಿ ಸಿಗುತ್ತಾನೆ. ಕಬ್ಬಿನ ಗದ್ದೆಯಲ್ಲಿ ಹಾವು ತುಳಿದವನು ಅಪರೂಪ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಭತ್ತ, ಕಬ್ಬು ಬೆಳೆದ ಈ ಬಯಲಿನಲ್ಲಿ ಇಲಿ ಹೆಚ್ಚು, ಇಲಿ ಇದ್ದಲ್ಲಿ ಕೊಳಕುಮಂಡಲ. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು 2017ರಲ್ಲಿ ಉಪೇಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಅದನ್ನು ಪತ್ತೆ ಮಾಡುವ ಪರೀಕ್ಷೆಗೆ ಲ್ಯಾಬ್ ಬೇಡ, ಕರೆಂಟೂ ಬೇಡ. ಒಣಗಿದ, ಶುಚಿಯಾದ, ಹೊಸ ಗಾಜಿನ ಟ್ಯೂಬಿಗೆ 2 ಎಂ.ಎಲ್. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಂದೇ ಸಲ ಬಗ್ಗಿಸಿ ನೋಡುವುದು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಏರಿದೆ ಎಂದೇ ಅರ್ಥ.

ಈ ಸಣ್ಣ ಕೆಲಸದ ಪ್ರತಿ ಹಂತದಲ್ಲೂ ನರ್ಸಿನ ತಿಳಿವಳಿಕೆ ಅಡಗಿದೆ. ಗಾಜೇ ಏಕೆ? ಹೆಪ್ಪುಗಟ್ಟುವ ಕ್ರಿಯೆಯನ್ನು ಗಾಜಿನ ಮೈ ಚುರುಕುಗೊಳಿಸುತ್ತದೆ, ಪ್ಲಾಸ್ಟಿಕ್ ಹಾಗೆ ಮಾಡುವುದಿಲ್ಲ. ಹೊಸದೇ ಏಕೆ? ಸೋಪಿನಿಂದ ತೊಳೆದ ಟ್ಯೂಬಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡಬಹುದು. ನಡುವೆ ಅಲ್ಲಾಡಿಸಿ ನೋಡಿದರೆ ಏನು? ಹೆಪ್ಪು ಕೂಡುತ್ತಿದ್ದದ್ದು ಒಡೆಯುತ್ತದೆ, ಫಲಿತಾಂಶ ಕೆಡುತ್ತದೆ. ಇನ್ನೊಂದು ಎಚ್ಚರವೂ ಬೇಕು. ಆಲೆಮನೆಯ ಆ ಆಳಿಗೆ ಈ ಪರೀಕ್ಷೆ ಸಹಜವಾಗಿಯೇ ಬರುತ್ತಿತ್ತು. ಕಟ್ಟುಹಾವಿನ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ, ರಕ್ತದ ಮೇಲೆ ಅಲ್ಲ. ಟ್ಯೂಬಿನಲ್ಲಿ ಹೆಪ್ಪುಗಟ್ಟಿತೆಂದು ನೆಮ್ಮದಿಯಾಗಿ ಕೂತರೆ ರೋಗಿ ಉಸಿರು ನಿಂತು ಹೋಗುತ್ತಾನೆ.

ಇನ್ನೊಂದು ಪ್ರಶ್ನೆಯಲ್ಲಿ ಮಕ್ಕಳು ತಪ್ಪದೆ ಎಡವುತ್ತಾರೆ. ಎಂಟು ವರ್ಷದ ಮಗುವಿಗೆ ಹಾವು ಕಚ್ಚಿದರೆ ಸೀರಮ್ ಎಷ್ಟು? ಎಲ್ಲ ಔಷಧಿಯೂ ಮಗುವಿನ ತೂಕ ನೋಡಿಯೇ ಎಂದು ಕಲಿತವರು "ಅರ್ಧ" ಅನ್ನುತ್ತಾರೆ. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಸೀರಮ್ ಕೊಡುವುದು ವಿಷಕ್ಕೆ, ಆದ್ದರಿಂದ ದೊಡ್ಡವರಿಗೆ ಎಷ್ಟೋ ಮಗುವಿಗೂ ಅಷ್ಟೇ. ಸೀರಮ್ ಹಾಕುವ ಮುಂಚೆ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿರಬೇಕು, ಸೀರಮ್ ಒಗ್ಗದೆ ಮೈ ಕೆರೆತ, ದದ್ದು, ಉಬ್ಬಸ ಕಂಡ ಕ್ಷಣ ಹುಡುಕಾಡುವಂತಿರಬಾರದು. ಹಾಗೆಯೇ ಬೆಳೆಗೆ ಹೊಡೆಯುವ ಔಷಧಿ ಕುಡಿದು ಬಂದವರ ವಿಷಯ. ಜೊಲ್ಲು, ಬೆವರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ ಕಂಡರೆ ಕೈಗವಸು ತೊಟ್ಟು ಬಟ್ಟೆ ತೆಗೆದು ಮೈ ತೊಳೆಯಬೇಕು. ವಿಷ ಅವರ ಚರ್ಮದಿಂದಲೂ ಒಳಗೆ ಇಳಿಯುತ್ತಿರುತ್ತದೆ, ಮುಟ್ಟಿದ ನರ್ಸಿನ ಕೈಗೂ ಇಳಿಯುತ್ತದೆ. ಇದರ ಪ್ರತ್ಯೌಷಧಿಯಾದ ಅಟ್ರೊಪಿನ್ ಸಾಕಾಯಿತೇ ಎಂದು ನಿರ್ಧರಿಸಲು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಶ್ವಾಸಕೋಶದ ಗೊರಗೊರ ಸದ್ದು ನಿಂತಿದೆಯೇ ಎಂದು ಕೇಳಬೇಕು.

"ಕುರಿ ಕಂದು ಹಾಕಿತ್ತಾ?"

ಕುರಿಯ ಸೀಮೆಯ ನರ್ಸಿಗೆ ಗೊತ್ತಿರಬೇಕಾದ ಇನ್ನೊಂದು ಕಾಯಿಲೆ ಬ್ರೂಸೆಲ್ಲೋಸಿಸ್. ವಾರಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟನೋವು, ಕೀಲುನೋವು, ಸುಸ್ತು. ಟೈಫಾಯ್ಡ್ ಇರಬಹುದೆಂದು ಒಂದು ಸಲ, ಟಿ.ಬಿ. ಇರಬಹುದೆಂದು ಇನ್ನೊಂದು ಸಲ ಪರೀಕ್ಷೆಯಾಗುತ್ತದೆ. ಬಂದವರು ಕುರಿ ಸಾಕುವವರೋ ಎಂದು ಕೇಳುವವರು ಇರುವುದಿಲ್ಲ.

ಸೋಂಕು ತಗುಲಿದ ಕುರಿ ದಿನ ತುಂಬುವ ಮುಂಚೆ ಮರಿ ಹಾಕುತ್ತದೆ. ನಮ್ಮ ಕಡೆ ಅದಕ್ಕೆ ಕಂದು ಹಾಕುವುದು ಎನ್ನುತ್ತಾರೆ. ಆ ಸತ್ತ ಮರಿಯನ್ನೂ ಮಾಸನ್ನೂ ಬರಿಗೈಯಲ್ಲಿ ಎತ್ತಿ ಹಾಕಿದವರಿಗೆ, ಹಸಿ ಹಾಲು ಕುಡಿದವರಿಗೆ ರೋಗಾಣು ಹತ್ತುತ್ತದೆ. ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧಿ ಸೇರಿಸಿ ಆರು ವಾರ ಬಿಡದೆ ಕೊಡಬೇಕು. ಜ್ವರ ಬಿಟ್ಟಿತೆಂದು ಎರಡನೇ ವಾರಕ್ಕೆ ಮಾತ್ರೆ ನಿಲ್ಲಿಸಿದರೆ ಮತ್ತೆ ಮರುಕಳಿಸುತ್ತದೆ. ಇಲ್ಲಿ ಪತ್ತೆ ಹಚ್ಚುವ ಮೊದಲ ಸಾಧನ ಒಂದು ಪ್ರಶ್ನೆ: "ನಿಮ್ಮನೇಲಿ ಕುರಿ ಅವ್ಯಾ? ಈಚೆಗೆ ಯಾವುದಾದ್ರೂ ಕಂದು ಹಾಕಿತ್ತಾ? ಯಾರು ಎತ್ತಾಕಿದ್ದು?"

ಪ್ರಶ್ನೆಪತ್ರಿಕೆಯಲ್ಲಿ ಇದು ಇಂಗ್ಲಿಷಿನಲ್ಲಿ, ಪಶುಸಂಪರ್ಕದ ಇತಿಹಾಸ ಎಂಬ ಅರ್ಥದ ಪದದಲ್ಲಿ ಬರುತ್ತದೆ. ರೋಗಿಯ ಬಾಯಲ್ಲಿ ಕಂದು ಹಾಕಿತು ಎಂದು ಬರುತ್ತದೆ. ಇವೆರಡೂ ಒಂದೇ ಎಂದು ಗೊತ್ತಿರುವುದೇ ನಿಜವಾದ ಕ್ಲಿನಿಕಲ್ ಜ್ಞಾನ. ಎದೆನೋವು ಇದೆಯೇ ಎಂದರೆ ಇಲ್ಲ ಅನ್ನುವ ಹೆಂಗಸು, "ಎದೆ ಹಿಡ್ಕಂಡಂಗೆ ಆಯ್ತದೆ, ಯಾರೋ ಮ್ಯಾಲೆ ಕೂತಂಗೆ" ಅನ್ನುತ್ತಾಳೆ. ಮೊದಲನೆಯದನ್ನಷ್ಟೇ ಕೇಳಿ ಇಲ್ಲ ಎಂದು ಬರೆದುಕೊಂಡರೆ ಹೃದಯಾಘಾತ ಕೈತಪ್ಪುತ್ತದೆ. "ಕೈಕಾಲು ಜೋಮು" ಎಂದರೆ ನರದ ತೊಂದರೆ ಇರಬಹುದು, "ಕಣ್ಣು ಕತ್ತಲೆ ಬಂತು" ಎಂದರೆ ರಕ್ತದೊತ್ತಡ ಕುಸಿದಿರಬಹುದು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಕೊರಗುವವರು ಬಹಳ. ಮಂಡ್ಯದ ಕನ್ನಡ ಬಲ್ಲ ನರ್ಸಿನ ಕೈಯಲ್ಲಿ ಎಂಥ ಉಪಕರಣವಿದೆ ಎಂದು ಹೇಳುವವರು ಕಡಿಮೆ. ಎರಡೂ ಭಾಷೆ ಬೇಕು. ಒಂದು ಪರೀಕ್ಷೆಗೆ, ಒಂದು ರೋಗಿಗೆ.

ಲೆಕ್ಕ ತಪ್ಪಿದರೆ ಜೀವ

ನರ್ಸಿನ ಲೆಕ್ಕಕ್ಕೆ ಅಂದಾಜು ಸಲ್ಲದು. 500 ಎಂ.ಎಲ್. ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಎಂ.ಎಲ್.ಗೆ 20 ಹನಿ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 42 ಹನಿ. ಗಡಿಯಾರ ಹಿಡಿದು ಎಣಿಸಬೇಕು. ಹೃದಯ ಸೋತ ಅಜ್ಜನಿಗೆ ಅದೇ ಬಾಟಲಿ ಒಂದು ಗಂಟೆಯಲ್ಲಿ ಓಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ನೋಡಲು ಡಿಸ್ಟಿಲ್ಡ್ ವಾಟರ್ ಆಂಪೂಲಿನ ಹಾಗೇ ಇರುತ್ತದೆ. ಅದನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿಯೇ ಕೊಡಬೇಕು, ಅದಕ್ಕೂ ಮುಂಚೆ ಮೂತ್ರ ಹೋಗುತ್ತಿದೆಯೇ ಎಂದು ನೋಡಬೇಕು. ಗರ್ಭಿಣಿಗೆ ಫಿಟ್ಸ್ ಬಂದಾಗ ಕೊಡುವ ಮೆಗ್ನೀಷಿಯಂ ಸಲ್ಫೇಟಿನದೂ ಇಂಥದ್ದೇ ಎಚ್ಚರ. ಪ್ರತಿ ಡೋಸಿಗೂ ಮುಂಚೆ ಮಂಡಿಯ ಪ್ರತಿವರ್ತನೆ, ಉಸಿರಿನ ಎಣಿಕೆ, ಮೂತ್ರದ ಪ್ರಮಾಣ ನೋಡಬೇಕು. ಔಷಧಿ ಹೆಚ್ಚಾದಾಗ ಮಂಡಿ ತಟ್ಟಿದರೂ ಕಾಲು ಅಲುಗದಿರುವುದು ಮೊದಲ ಸುಳಿವು, ಉಸಿರು ಸೋಲುವುದು ಆಮೇಲೆ. ಪ್ರತ್ಯೌಷಧಿಯಾದ ಕ್ಯಾಲ್ಸಿಯಂ ಗ್ಲುಕೊನೇಟ್ ಟ್ರೇಯಲ್ಲೇ ಇರಬೇಕು. ಪರೀಕ್ಷೆಯಲ್ಲಿ ಇದಕ್ಕೆ ಒಂದು ಅಂಕ. ವಾರ್ಡಿನಲ್ಲಿ ಎರಡು ಜೀವ.

ವಿದ್ಯೆಯ ಇನ್ನೊಂದು ಮುಖವನ್ನೂ ನಮ್ಮ ಜಿಲ್ಲೆಯ ಹೆಸರಿನಲ್ಲಿ ಹೇಳಲೇಬೇಕು. 2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಹೆಣ್ಣುಭ್ರೂಣ ಹತ್ಯೆ ಜಾಲದಲ್ಲಿ, ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ. ಬಂಧಿತರಲ್ಲಿ ಆಸ್ಪತ್ರೆ ಸಿಬ್ಬಂದಿಯೂ ಇದ್ದರು. ಭ್ರೂಣದ ಲಿಂಗ ತಿಳಿಸುವುದು ಅಪರಾಧ ಎಂಬ ಕಾನೂನು 1994ರಲ್ಲೇ ಬಂದಿದೆ. ನರ್ಸಿಂಗ್ ಪರೀಕ್ಷೆಯಲ್ಲಿ ನೀತಿಯ ಪ್ರಶ್ನೆಗೆ ಸರಿಯಾದ ಆಯ್ಕೆಗೆ ಗುರುತು ಹಾಕುವುದು ಸುಲಭ. ಪರಿಚಯದವರು ಬಂದು ಕಿವಿಯಲ್ಲಿ ಕೇಳಿದಾಗ "ಆಗಲ್ಲ" ಅನ್ನುವುದು ಕಷ್ಟ. ಆ ಒಂದು ಮಾತು ಬಾಯಿಂದ ಬರದಿದ್ದರೆ ಉಳಿದ ಎಲ್ಲ ಅಂಕಗಳೂ ವ್ಯರ್ಥ.

ಓದುವವರಿಗೆ, ಓದಿಸುವವರಿಗೆ

ಮಂಡ್ಯದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಆಸ್ಪತ್ರೆ ಇದೆ. ಮಳವಳ್ಳಿ, ಮದ್ದೂರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಕಲಿಯಲು ರೋಗಿಗಳ ಕೊರತೆ ಇಲ್ಲ. ಕೊರತೆ ಇರುವುದು ನೋಡುವ ಅಭ್ಯಾಸಕ್ಕೆ. ಮಕ್ಕಳು ಕ್ಲಿನಿಕಲ್ ಪೋಸ್ಟಿಂಗಿಗೆ ಬಂದು ಬಿಪಿ ಬರೆದು, ಹಾಸಿಗೆ ಸರಿ ಮಾಡಿ, ಉಳಿದ ಹೊತ್ತು ಮೊಬೈಲಿನಲ್ಲಿ ಪ್ರಶ್ನೆಬ್ಯಾಂಕ್ ತಿರುವುತ್ತಾರೆ. ಎರಡು ಮಾರು ದೂರದಲ್ಲಿ ಆ ಪ್ರಶ್ನೆಯೇ ಜೀವಂತ ಮಲಗಿರುತ್ತದೆ.

ಪಾಠ ಮಾಡುವವರಲ್ಲಿ, ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನನ್ನ ಬೇಡಿಕೆ ಒಂದೇ. ವ್ಯಾಖ್ಯೆ ಬರೆಯಿರಿ, ಪಟ್ಟಿ ಮಾಡಿ ಎಂಬ ಪ್ರಶ್ನೆಗಳನ್ನು ಕಡಿಮೆ ಮಾಡಿ. ಆಲೆಮನೆಯಿಂದ ಹೊಟ್ಟೆನೋವೆಂದು ಬಂದವನನ್ನು, ಮುದ್ದೆ ಬಿಟ್ಟು ಇನ್ಸುಲಿನ್ ತೆಗೆದುಕೊಂಡ ಯಜಮಾನರನ್ನು, ಕಂದು ಹಾಕಿದ ಕುರಿಯ ಮಾಸು ಎತ್ತಿದ ಹೆಂಗಸನ್ನು ಪ್ರಶ್ನೆಪತ್ರಿಕೆಗೆ ತನ್ನಿ. ಹಾಗೆ ಕಲಿತವರು ಎನ್‌ಕ್ಲೆಕ್ಸನ್ನೂ ಬರೆಯುತ್ತಾರೆ, ಮಳವಳ್ಳಿಯ ರಾತ್ರಿ ಪಾಳಿಯನ್ನೂ ನಿಭಾಯಿಸುತ್ತಾರೆ.

ಪರೀಕ್ಷೆಗೆ ಓದುತ್ತಿರುವ ಮಕ್ಕಳೇ, ನಾಳೆಯಿಂದ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಒಬ್ಬ ರೋಗಿ ಸಾಕು. ಎಡಗಡೆ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ. ಬಲಗಡೆ ಪುಸ್ತಕದಲ್ಲಿ ಅದಕ್ಕಿರುವ ಹೆಸರು. ಕೆಳಗೆ ಮೂರು ಸಾಲು: ನಾನು ಕಂಡದ್ದೇನು, ಮೊದಲು ಏನು ಮಾಡಿದೆ, ಯಾಕೆ. ಒಂದು ವರ್ಷಕ್ಕೆ ಮುನ್ನೂರು ರೋಗಿಗಳಾಗುತ್ತಾರೆ. ಅಂಗಡಿಯಲ್ಲಿ ಸಿಗುವ ಯಾವ ಗೈಡೂ ಅದಕ್ಕೆ ಸಮವಲ್ಲ.

ಆಲೆಮನೆಯ ಆ ಆಳು ಉಳಿದ. ಕೆಲವು ದಿನ ವೆಂಟಿಲೇಟರಿನಲ್ಲಿದ್ದು, ರೆಪ್ಪೆ ಎತ್ತಿ, ಅನ್ನ ನುಂಗಿ, ನಡೆದುಕೊಂಡೇ ಮನೆಗೆ ಹೋದ ಎಂದು ಅವನ ಜೊತೆಯವರು ಬಂದು ಹೇಳಿದರು. ಈಗ ಅವನು ನೆಲದ ಮೇಲೆ ಮಲಗುವುದಿಲ್ಲ. ಮಂಚದ ಮೇಲೆ, ಸೊಳ್ಳೆಪರದೆ ಕಟ್ಟಿಕೊಂಡು, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗುತ್ತಾನೆ. ಹಾಗೆ ಮಲಗಲು ಅವನಿಗೆ ಹೇಳಿಕೊಟ್ಟು ಕಳಿಸಿದ್ದು ಕೂಡ ಒಬ್ಬ ನರ್ಸೇ.